ಹಗ್ಗ ಹಿಡಿದು ನಿಂತವಳು

ಮೇ 18, ಭಾನುವಾರ

ಈ ಡೈರಿಯನ್ನು ಲ್ಯಾಬಿನಲ್ಲಿ ಹೊಸ ವರ್ಷಕ್ಕೆಂದು ಕೊಟ್ಟಿದ್ದರು. ರಟ್ಟಿನ ಮೇಲೆ ಹಲ್ಲು ಕಿರಿಯುತ್ತಿರುವ ಒಂದು ದವಡೆಯ ಚಿತ್ರ. ನಾಲ್ಕೂವರೆ ತಿಂಗಳು ಅಡುಗೆಮನೆಯ ಡ್ರಾಯರಿನಲ್ಲಿ ಚಮಚಗಳ ಕೆಳಗೆ ಬಿದ್ದಿತ್ತು. ಇವತ್ತು ಹೊರಗೆ ತೆಗೆದೆ. ದಿನವಿಡೀ ಬೇರೆಯವರ ಬಾಯಿಗೆ ಹಲ್ಲಿನ ಸೆಟ್ಟು ಮಾಡಿ ಪಾಲಿಶ್ ಹಾಕುವವಳು ನಾನು. ನನ್ನ ಬಾಯಿಂದ ಮಾತ್ರ ಬೇಕಾದ ಹೊತ್ತಿಗೆ ಬೇಕಾದ ಮಾತು ಹೊರಡುವುದಿಲ್ಲ. ಬರೆದಾದರೂ ನೋಡೋಣ.

ಬೆಳಿಗ್ಗೆ ದೋಸೆ ಹೊಯ್ಯುತ್ತಿದ್ದಾಗ ವ್ಯಾಂಕೂವರಿನಿಂದ ತೃಪ್ತಿಯ ಫೋನು ಬಂತು. ತೃಪ್ತಿ ಎಂದರೆ ನನ್ನ ಗಂಡ ರಘುನಾಥರ ಮೊದಲ ಹೆಂಡತಿ, ಇಂಚರಾಳನ್ನು ಹೆತ್ತವಳು. ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ಅವಳೀಗ ದೊಡ್ಡ ಮನೆಗೆ ಹೋಗಿದ್ದಾಳಂತೆ, ಒಂದು ರೂಮು ಖಾಲಿ ಇದೆಯಂತೆ, ಸೆಪ್ಟೆಂಬರಿನಿಂದ ಮಗಳು ಅಲ್ಲೇ ಬಂದು ಓದಲಿ ಅಂತ ಆಸೆಯಂತೆ. ರಘು ಫೋನನ್ನು ಸ್ಪೀಕರಿಗೆ ಹಾಕಿ ಎಲ್ಲವನ್ನೂ ಕೇಳಿಸಿದರು. ಆಮೇಲೆ ಮಗಳ ಕಡೆ ತಿರುಗಿ, "ನಿನ್ನಿಷ್ಟ ಪುಟ್ಟಾ. ನಾವ್ಯಾರೂ ಫೋರ್ಸ್ ಮಾಡಲ್ಲ. ಜೂನ್ ಮೂವತ್ತರೊಳಗೆ ಹೇಳು, ಅಲ್ಲಿ ಸ್ಕೂಲಿಗೆ ರಿಜಿಸ್ಟರ್ ಮಾಡ್ಬೇಕಂತೆ," ಅಂದರು.

ಆ ಹುಡುಗಿ ಅಪ್ಪನನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ನಾನು, "ದೋಸೆ ಆರೋಗತ್ತೆ, ತಿನ್ನು," ಅಂದೆ.

ನಾನು ಮದುವೆಯಾಗಿ ಸ್ಟೌಫ್‌ವಿಲ್‌ನ ಈ ಮನೆಗೆ ಬಂದಾಗ ರಘುವಿನ ಮಗಳಿಗೆ ಹತ್ತು ವರ್ಷ. ಈಗ ಹದಿನೈದು. ಐದು ವರ್ಷದಲ್ಲಿ ಒಂದು ದಿನ ಜಗಳವಾಡಿಲ್ಲ, ಎದುರು ಮಾತಾಡಿಲ್ಲ. 'ಥ್ಯಾಂಕ್ಸ್ ವಸಂತಾ ಆಂಟಿ', 'ಇಟ್ಸ್ ಫೈನ್ ವಸಂತಾ ಆಂಟಿ'. ಪೇಯಿಂಗ್ ಗೆಸ್ಟು ಕೂಡ ಇದಕ್ಕಿಂತ ಜಾಸ್ತಿ ಗಲಾಟೆ ಮಾಡುತ್ತಾರೆ. ಹೆತ್ತ ಅಪ್ಪನೇ 'ಇರು' ಅನ್ನದಿದ್ದ ಮೇಲೆ ಅನ್ನಲು ನಾನು ಯಾರು? ಆದರೆ ದೋಸೆಯ ಮಾತು ಬಿಟ್ಟು ಬೇರೆ ಏನಾದರೂ ಹೇಳಬಹುದಿತ್ತು.

ಮೇ 22, ಗುರುವಾರ

ಫ್ರಿಜ್ಜಿನ ಬಾಗಿಲ ಮೇಲೆ ಇಂಚರಾಳ ಒಂದು ಹಳದಿ ಚೀಟಿ. ಒಂದೇ ಸೂರಿನಡಿ ಇದ್ದುಕೊಂಡು ಅರ್ಜಿ ಬರೆಯುವವಳು ಇವಳೊಬ್ಬಳೇ ಇರಬೇಕು.

ಸಮಾಚಾರ ಇಷ್ಟು. ಜಪಾನಿನಿಂದ ಹೆಂಗಸರ ಕುಸ್ತಿ ಕಂಪನಿಯೊಂದು ಬರುತ್ತಿದೆ, ಸ್ಕಾರ್‌ಬರೋದಲ್ಲಿ ಜೂನ್ 14ರಂದು ಒಂದೇ ಒಂದು ಸಂಜೆ ಆಟ. ಇವಳು ಮೂರು ವರ್ಷದಿಂದ ಸ್ಕೂಲಿಗೆ ಮುಂಚೆ ಬೇಗ ಎದ್ದು ಬೇಸ್‌ಮೆಂಟಿನಲ್ಲಿ ಕೂತು ನೋಡುವುದು ಇದನ್ನೇ. ರಘು ಕರೆದುಕೊಂಡು ಹೋಗುವುದೆಂದಿತ್ತು. ಅವರನ್ನು ಸೇತುವೆ ಕೆಲಸಕ್ಕೆ ಜೂನ್ ಕೊನೆಯವರೆಗೂ ಥಂಡರ್ ಬೇ ಎಂಬ ಊರಿಗೆ ಹಾಕಿದ್ದಾರೆ. ಹದಿನೆಂಟರ ಒಳಗಿನವರನ್ನು ದೊಡ್ಡವರಿಲ್ಲದೆ ಬಿಡುವುದಿಲ್ಲ. ಆದ್ದರಿಂದ ವಸಂತಾ ಆಂಟಿ ಬರಬಹುದೇ? ನೋಡಲೇಬೇಕೆಂದಿಲ್ಲ, ಬಾಗಿಲಲ್ಲಿ ಸಹಿ ಹಾಕಿ ಕಾರಿನಲ್ಲಿ ಕೂತಿದ್ದರೂ ಸಾಕು.

ಕಾರಿನಲ್ಲಿ ಕೂರಬೇಕಂತೆ! ಉಸ್ತಾದ್ ಶ್ರೀಕಂಠಣ್ಣನ ಮಗಳು!

ಪಾಪ, ಅವಳಿಗೇನು ಗೊತ್ತು, ನಾನು ಯಾವತ್ತೂ ಹೇಳಿಲ್ಲವಲ್ಲ. ಅಪ್ಪ ಮೈಸೂರಿನಲ್ಲಿ ಗರಡಿಯ ಉಸ್ತಾದ್. ಗರಡಿ ನಮ್ಮ ಮನೆಗೆ ಅಂಟಿಕೊಂಡೇ ಇತ್ತು. ಕುಸ್ತಿಯಾಡುವ ಮಟ್ಟಿಯ ಕೆಮ್ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಶಿನ ಕಲೆಸುವ ವಾಸನೆಯಲ್ಲೇ ನಾನು ಬೆಳೆದದ್ದು. ಆದರೆ ಹೆಣ್ಣುಮಕ್ಕಳು ಗರಡಿಯ ಹೊಸಿಲು ದಾಟುವಂತಿರಲಿಲ್ಲ. ದಿನಾ ಬೆಳಿಗ್ಗೆ ಬಾದಾಮಿ ಅರೆದು ಹಾಕಿದ ಹಾಲಿನ ಚೊಂಬು ಹಿಡಿದು ಹೊಸಿಲ ಹೊರಗೆ ನಿಲ್ಲುತ್ತಿದ್ದೆ. ಅಪ್ಪ ಆ ಗಿಡ್ಡ ಬಾಗಿಲಲ್ಲಿ ಬಗ್ಗಿ, ಕೈ ಚಾಚಿ ತೆಗೆದುಕೊಳ್ಳುತ್ತಿದ್ದರು. ಚೊಂಬು ಕೊಟ್ಟ ಮೇಲೂ ನಾನು ಅಲ್ಲೇ ನಿಂತು ನೋಡುತ್ತಿದ್ದೆ. ಹೊಸಿಲಿಂದ ಕಂಡಷ್ಟೇ ಕುಸ್ತಿ ನನ್ನದು.

ಚೀಟಿಯ ಕೆಳಗೆ 'ಒಳಗೇ ಬಂದು ಕೂರುತ್ತೇನೆ' ಎಂದು ಕನ್ನಡದಲ್ಲಿ ಬರೆದೆ. ಅವಳಿಗೆ ಕನ್ನಡ ಓದಲು ಬರುವುದಿಲ್ಲವೆಂದು ನೆನಪಾಗಿ, ಅದನ್ನು ಹೊಡೆದು ಹಾಕಿ ಇಂಗ್ಲಿಷಿನಲ್ಲಿ 'ಓಕೆ' ಎಂದಷ್ಟೇ ಬರೆದೆ.

ಮೇ 31, ಶನಿವಾರ

ಬೇಸ್‌ಮೆಂಟಿನಲ್ಲಿ ಒಗೆದ ಬಟ್ಟೆ ಮಡಿಸುತ್ತಿದ್ದೆ. ಅವಳು ಟೀವಿಯಲ್ಲಿ ತನ್ನ ಜಪಾನಿ ಕುಸ್ತಿ ಹಾಕಿಕೊಂಡು ಕೂತಿದ್ದಳು. ಒಬ್ಬಳು ಇನ್ನೊಬ್ಬಳ ಕಾಲಿಗೆ ಕೈ ಹಾಕಿದಳು ನೋಡು, ನನ್ನ ಬಾಯಿ ಸುಮ್ಮನಿರಲಿಲ್ಲ.

"ಅಯ್ಯೋ, ಹಿಮ್ಮಡಿ ಬಿಟ್ಟು ಮೊಣಕಾಲು ಹಿಡ್ಕೊಂಡಿದಾಳಲ್ಲೇ!"

ಇಂಚರಾ ವಿಡಿಯೋ ನಿಲ್ಲಿಸಿದಳು. "ವೆಯ್ಟ್. ನಿಮ್ಗೆ ಇದೆಲ್ಲ ಗೊತ್ತಾ?"

ಹೇಳಿದೆ. ಅಪ್ಪ, ಗರಡಿ, ಹಾಲಿನ ಚೊಂಬು. ಅವಳು ಬಾಯಿ ತೆರೆದುಕೊಂಡು ಕೇಳಿದಳು. "ತೋರಿಸಿ," ಅಂದಳು. ನಾನು ಟವೆಲ್ಲನ್ನು ಪಕ್ಕಕ್ಕಿಟ್ಟು, ಅವಳ ಹಿಮ್ಮಡಿಗೆ ಒಂದು ಕೈ, ಸೊಂಟಕ್ಕೆ ಒಂದು ಭುಜ ಕೊಟ್ಟೆ. ಧೊಪ್ಪೆಂದು ಸೋಫಾದ ಮೇಲೆ ಬಿದ್ದಳು. ಬಿದ್ದವಳು ನಗುವುದಕ್ಕೆ ಶುರು ಮಾಡಿದಳು. ಜ್ವರ ಇದೆಯಾ ಎಂದು ಹಣೆ ಮುಟ್ಟಿದ್ದು ಬಿಟ್ಟರೆ ಈ ಐದು ವರ್ಷದಲ್ಲಿ ನಾನು ಅವಳನ್ನು ಮುಟ್ಟಿದ್ದೇ ಇಲ್ಲ ಎಂದು ಆಗ ಹೊಳೆಯಿತು.

ಆಮೇಲೆ ಪಕ್ಕದಲ್ಲೇ ಕೂತು ಒಂದು ಜೋಡಿ ಕುಸ್ತಿ ನೋಡಿದೆ. ಈ ಕಡೆ ಇಬ್ಬರು, ಆ ಕಡೆ ಇಬ್ಬರು. ಒಳಗೆ ಆಡುವುದು ಒಬ್ಬೊಬ್ಬರೇ. ಒಳಗಿದ್ದವಳನ್ನು ಎದುರಾಳಿ ಹಣಿದು ಹಾಕುತ್ತಿದ್ದರೆ ಜೊತೆಗಾತಿ ಹೊರಗಿನ ಅಂಚಿನಲ್ಲಿ, ಮೂಲೆಯ ಕಂಬಕ್ಕೆ ಕಟ್ಟಿದ ಒಂದು ತುಂಡು ಹಗ್ಗ ಹಿಡಿದುಕೊಂಡು ನಿಂತಿದ್ದಳು.

"ಅವಳ್ಯಾಕೆ ದಸರಾ ಬೊಂಬೆ ಥರ ನಿಂತಿದಾಳೆ? ಒಳಗೆ ಹೋಗಿ ಬಿಡಿಸಬಾರದಾ?"

"ಶಿ ಕಾಂಟ್. ಹಗ್ಗ ಬಿಡೋ ಹಾಗಿಲ್ಲ. ಒಳಗಿರೋಳು ಬಂದು ಅವಳ ಕೈ ಮುಟ್ಟಬೇಕು. ಅದೇ ಟ್ಯಾಗ್. ಮುಟ್ಟಿದ್ಮೇಲೆ ಬರಬಹುದು. ಆಕ್ಚುಲಿ, ಮುಟ್ಟಿದ್ಮೇಲೆ ಬರ್ಲೇಬೇಕು."

"ಗೆಲ್ಲೋದು ಯಾರು ಅಂತ ಮೊದ್ಲೇ ಮಾತಾಡ್ಕೊಂಡಿರ್ತಾರಂತಲ್ಲ?"

"ಸೋ? ಬೀಳೋದು ರಿಯಲ್ಲೇ ಅಲ್ವಾ."

ಬಟ್ಟೆ ಅರ್ಧಕ್ಕೇ ನಿಂತಿದೆ, ಅವಳ ಯೂನಿಫಾರ್ಮಿಗೆ ಇಸ್ತ್ರಿ ಆಗಿಲ್ಲ.

ಜೂನ್ 7, ಶನಿವಾರ

ಮೂವತ್ತು ಸುರುಳಿ ಸುತ್ತಿದೆವು. ಅಲ್ಲಿ ಒಂದು ಪದ್ಧತಿಯಿದೆಯಂತೆ. ಕುಸ್ತಿಯವಳ ಹೆಸರು ಕೂಗಿದ ತಕ್ಷಣ ಅವಳ ಕಡೆಯ ಜನ ಬಣ್ಣದ ಕಾಗದದ ರಿಬ್ಬನ್ನನ್ನು ರಿಂಗಿನೊಳಗೆ ಎಸೆಯುತ್ತಾರೆ. ಇಂಚರಾಳ ಪ್ರೀತಿಯ ಕೊಹಾರು ಎಂಬಾಕೆಯದು ಕಿತ್ತಳೆ ಬಣ್ಣ. ಸುರುಳಿಯ ನಡುವಿನ ಗಟ್ಟಿ ರಟ್ಟನ್ನು ತೆಗೆದು, ಯಾರಿಗೂ ಪೆಟ್ಟಾಗದ ಹಾಗೆ ಮತ್ತೆ ಸಡಿಲವಾಗಿ ಸುತ್ತಬೇಕು. ಮಲ್ಲಿಗೆ ಮಾಲೆ ಕಟ್ಟಿದ ಕೈ ನನ್ನದು. ಅವಳು ಒಂದು ಸುತ್ತುವುದರೊಳಗೆ ನನ್ನದು ಮೂರಾಗುತ್ತಿತ್ತು.

"ನೀವು ಯಾವತ್ತೂ ಗರಡಿ ಒಳಗೆ ಹೋಗ್ಲೇ ಇಲ್ವಾ?"

"ಇಲ್ಲ."

"ಹೋಗ್ಬೇಕು ಅಂತ ಇತ್ತಾ?"

"ಇತ್ತು."

"ನಿಮ್ಮಪ್ಪನ್ನ ಕೇಳಿದ್ರಾ?"

"ಕೇಳೋ ಮಾತೇ ಇರ್ಲಿಲ್ಲಮ್ಮ. ಅವರೂ ಕೇಳ್ಲಿಲ್ಲ."

"ಓ, ಸೋ ಯಾರೂ ಯಾರನ್ನೂ ಕೇಳ್ಲಿಲ್ಲ," ಅಂದಳು. ಸುರುಳಿಗಳನ್ನು ಚೀಲಕ್ಕೆ ತುಂಬಿಟ್ಟು ಮೇಲೆ ಹೋಗಿಬಿಟ್ಟಳು. ಅಷ್ಟು ಹೊತ್ತು ಚೆನ್ನಾಗಿಯೇ ಇದ್ದವಳಿಗೆ ಇದ್ದಕ್ಕಿದ್ದಂತೆ ಏನಾಯಿತೋ. ಈ ವಯಸ್ಸೇ ಹಾಗೆ.

ಜೂನ್ 8, ಭಾನುವಾರ

ಕತ್ತು ನೋವು. ಸುರುಳಿಗಳನ್ನು ದೇವರ ಮುಂದೆ ಇಟ್ಟಿದ್ದೇನೆ, ಅವಳಿಗೆ ಹೇಳಿಲ್ಲ.

ಜೂನ್ 11, ಬುಧವಾರ

ರಘು ಫೋನು ಮಾಡಿದ್ದರು. "ಏನಾದ್ರೂ ಹೇಳಿದ್ಳಾ?"

"ಇಲ್ಲ. ನೀವೇ ಕೇಳಿ."

"ನಾನು ಕೇಳಿದ್ರೆ ಫೋರ್ಸ್ ಮಾಡಿದ ಹಾಗಾಗತ್ತೆ ವಸೂ."

ಒಳ್ಳೆಯತನದಲ್ಲಿ ಈ ಮನೆಯವರನ್ನು ಯಾರೂ ಮೀರಿಸಲಾರರು. ಇವರದು ದೊಡ್ಡ ಮನಸ್ಸು, ತೃಪ್ತಿಯದು ದೊಡ್ಡ ಮನೆ, ನನ್ನದು ದೊಡ್ಡ ಬಾಯಿ, ಅದೂ ಮುಚ್ಚಿಕೊಂಡಿದೆ. ರಾತ್ರಿ ಊಟಕ್ಕೆ ಅವಳಿಗೆ ಇಷ್ಟವಾದ ಹುರುಳಿಕಾಯಿ ಪಲ್ಯ ಮಾಡಿದೆ. ಅಲ್ಲಿ ಯಾರು ಮಾಡಿಕೊಡುತ್ತಾರೋ ಎಂದುಕೊಂಡೆ. ತೃಪ್ತಿಗೂ ಬರುತ್ತದೆ, ಬರದೆ ಏನು.

ಜೂನ್ 14, ಶನಿವಾರ

ಬಂದು ಕಾಲು ತೊಳೆದು ಕೂತಿದ್ದೇನೆ. ಗಂಟಲು ಒಡೆದಿದೆ. ಮರೆಯುವ ಮುಂಚೆ ಎಲ್ಲವನ್ನೂ ಬರೆದಿಡಬೇಕು.

ಹೋದರೆ, ಎರಡು ವರ್ಷದ ಹಿಂದೆ ರಾಜ್ಯೋತ್ಸವಕ್ಕೆ ನಾವು ಬಿಸಿಬೇಳೆಬಾತು ತಿಂದ ಅದೇ ಬ್ಯಾಂಕ್ವೆಟ್ ಹಾಲು! ಮೇಲೆ ಅವೇ ಗಾಜಿನ ತೂಗುದೀಪಗಳು, ಕೆಳಗೆ ಕುಸ್ತಿಯ ರಿಂಗು. ಹಿಂದಿನ ಕೌಂಟರಿನಲ್ಲಿ ಅವತ್ತಿನ ಸಮೋಸಾನೇ ಇವತ್ತೂ. ಬಾಗಿಲಲ್ಲಿ ಒಂದು ಫಾರಂ ಕೊಟ್ಟರು. ಹುಡುಗಿಯ ಹೆಸರು, ನನ್ನ ಹೆಸರು, ಸಂಬಂಧ. ಸಂಬಂಧದ ಮುಂದೆ ಪೆನ್ನು ನಿಂತಿತು. ಇಂಚರಾ ಫೋನು ನೋಡುತ್ತಿದ್ದಳು, ಅಥವಾ ನೋಡುವ ಹಾಗೆ ಮಾಡುತ್ತಿದ್ದಳು. 'ಫ್ಯಾಮಿಲಿ' ಎಂದು ಬರೆದೆ. ಬಾಗಿಲಲ್ಲಿದ್ದವನು ಓದದೆಯೇ ಕೈಗೆ ಪಟ್ಟಿ ಕಟ್ಟಿದ.

ನಮ್ಮದು ಮುಂದಿನ ಸಾಲು. ಕೂರುವ ಮೊದಲು ನಾನು ಮಾಡಿದ್ದು ನೆನೆದರೆ ಈಗಲೂ ನಗು ಬರುತ್ತದೆ. ಚಪ್ಪಲಿ ಬಿಟ್ಟೆ. ಎರಡು ಹೆಜ್ಜೆ ಮುಂದೆ ಹೋಗಿ ರಿಂಗಿನ ಅಂಚನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ. ಮಟ್ಟಿಯ ಮಣ್ಣು ಮುಟ್ಟಿ ಎಲ್ಲ ಪೈಲ್ವಾನರೂ ಹಾಗೇ ಮಾಡುವುದು. ನನಗೆ ಗೊತ್ತಿಲ್ಲದೆಯೇ ಕೈ ಹೋಯಿತು. ಕಾವಲಿನವನು, "ಮ್ಯಾಮ್! ರಿಂಗ್ ಮುಟ್ಬೇಡಿ!" ಎಂದು ಇಂಗ್ಲಿಷಿನಲ್ಲಿ ಕೂಗಿದ. ಸುತ್ತಲಿದ್ದವರೆಲ್ಲ ನೋಡಿದರು.

"ಓ ಮೈ ಗಾಡ್, ವಸಂತಾ ಆಂಟಿ, ಚಪ್ಪಲಿ ಹಾಕ್ಕೊಳಿ," ಅಂದಳು ಇಂಚರಾ, ಮುಖ ಮುಚ್ಚಿಕೊಂಡು.

ಆದರೆ ಮೊದಲ ಕುಸ್ತಿಗೆ ಬಂದ ಹುಡುಗಿ ಹಗ್ಗದೊಳಗೆ ಕಾಲಿಡುವ ಮುನ್ನ ನಿಂತು ರಿಂಗಿಗೆ ಬಗ್ಗಿ ನಮಸ್ಕಾರ ಮಾಡಿದಳು. ಎರಡನೆಯವಳೂ ಮಾಡಿದಳು. ಇಂಚರಾ ನನ್ನ ಕಡೆ ತಿರುಗಿ ನೋಡಿದಳು. ನಾನು ಚಪ್ಪಲಿ ಹಾಕಿಕೊಳ್ಳಲಿಲ್ಲ.

ಹೆಂಗಸರು! ಬರೀ ಹೆಂಗಸರು! ನನ್ನಷ್ಟೇ ಎತ್ತರದವರು, ನನ್ನ ವಯಸ್ಸಿನ ಹತ್ತಿರದವರು. ಎದೆಗೆ ಕೈ ಬೀಸಿ ಹೊಡೆದರೆ ಹಾಲಿನ ಮೂಲೆಗೂ ಕೇಳಿಸುತ್ತಿತ್ತು. ಒಬ್ಬಳು ಧೋಬಿ ಪಟ್ಟು ಹಾಕಿದಳು, ಅಗಸರು ಬಟ್ಟೆ ಒಗೆದ ಹಾಗೆ ಎದುರಾಳಿಯನ್ನು ಭುಜದ ಮೇಲಿಂದ ಎತ್ತಿ ಒಗೆಯುವುದು. ಅಪ್ಪನ ಶಿಷ್ಯರಲ್ಲಿ ಅದನ್ನು ಅಷ್ಟು ಸೊಗಸಾಗಿ ಹಾಕುತ್ತಿದ್ದವರು ಇಬ್ಬರೋ ಮೂವರೋ. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಮೂರನೇ ಕುಸ್ತಿಯ ಹೊತ್ತಿಗೆ ಕಣ್ಣು ತುಂಬಿ ಬಂತು. ಆ ಹೊಸಿಲಲ್ಲಿ ನಿಂತ ಹುಡುಗಿಗೆ ಇದನ್ನು ಒಂದು ಸಲ, ಒಂದೇ ಒಂದು ಸಲ ಯಾರಾದರೂ ತೋರಿಸಿದ್ದರೆ!

ಕೊನೆಯದಕ್ಕೆ ಮುಂಚಿನದು ಕೊಹಾರುವಿನ ಜೋಡಿ ಕುಸ್ತಿ. ಕೊಹಾರುವಿಗೆ ನಲವತ್ತರ ಹತ್ತಿರ, ಮೊಣಕಾಲಿಗೆ ದಪ್ಪ ಪಟ್ಟಿ. ಅವಳ ಜೊತೆಗಾತಿ ರಿಂಕೊ ಹತ್ತೊಂಬತ್ತರ ಹುಡುಗಿ, ಇನ್ನೂ ಕಲಿಯುತ್ತಿರುವವಳು, ಬರೀ ಕಪ್ಪು ಉಡುಗೆ. ಕೊಹಾರುವಿನ ಹೆಸರು ಕೂಗಿದರು. "ಈಗ!" ಅಂದಳು ಇಂಚರಾ. ಎಲ್ಲರೂ ರಿಬ್ಬನ್ನಿನ ಒಂದು ತುದಿಯನ್ನು ಕೈಯಲ್ಲಿ ಹಿಡಿದು ಸುರುಳಿಯನ್ನು ಎಸೆದರು. ನಾನು ಬಂದ ಆವೇಶಕ್ಕೆ ತುದಿ ಹಿಡಿಯದೆ ಇಡೀ ಸುರುಳಿಯನ್ನೇ ಎಸೆದುಬಿಟ್ಟೆ. ಅದು ಹೋಗಿ ರೆಫ್ರಿಯ ಬೋಳು ತಲೆಗೆ ಬಡಿಯಿತು. ಇಂಚರಾ ಬಿದ್ದು ಬಿದ್ದು ನಕ್ಕಳು. ರಟ್ಟು ತೆಗೆದಿದ್ದು ಅವನ ಪುಣ್ಯ.

ಆಮೇಲೆ ನಗು ನಿಂತಿತು. ಎದುರಾಳಿಗಳು ಇಬ್ಬರೂ ದೈತ್ಯರು. ರಿಂಕೊಳನ್ನು ತಮ್ಮ ಮೂಲೆಗೆ ಎಳೆದುಕೊಂಡು ಸರದಿಯಲ್ಲಿ ಬಡಿದರು. ಕೊಹಾರು ಈ ಮೂಲೆಯಲ್ಲಿ, ಹಗ್ಗದ ಹೊರಗೆ, ಎಡಗೈಯಲ್ಲಿ ಆ ತುಂಡು ಹಗ್ಗ ಹಿಡಿದು, ಬಲಗೈಯನ್ನು ಭುಜ ಕಿತ್ತು ಬರುವಷ್ಟು ಮುಂದಕ್ಕೆ ಚಾಚಿದ್ದಳು. ರಿಂಕೊ ತೆವಳಿಕೊಂಡು ಬಂದಳು. ಇನ್ನೇನು ಒಂದು ಗೇಣು. ಅವರು ಕಾಲು ಹಿಡಿದು ಹಿಂದಕ್ಕೆ ಎಳೆದರು. ಮತ್ತೆ ಬಂದಳು. ಮತ್ತೆ ಎಳೆದರು.

"ಬಿಡೇ ಆ ಹಗ್ಗಾನ! ಒಳಗೆ ಹೋಗೇ!" ಎಂದು ನಾನು ಎದ್ದು ನಿಂತು ಕಿರುಚಿದೆ.

"ಹೋಗೋ ಹಾಗಿಲ್ಲ!" ಇಂಚರಾಳೂ ಕಿರುಚಿದಳು. "ಅವಳು ಕೈ ಚಾಚ್ಬೇಕು ಅಷ್ಟೇ! ಚಾಚ್ಲಿಲ್ಲ ಅಂದ್ರೆ ರಿಂಕೊಗೆ ಹೆಂಗೆ ಗೊತ್ತಾಗತ್ತೆ, ಎಲ್ಲಿಗೆ ಬರ್ಬೇಕು ಅಂತ?"

ನಾಲ್ಕನೇ ಸಲ ಕೈ ತಾಕಿತು. ಆ ಶಬ್ದಕ್ಕೆ ತೂಗುದೀಪಗಳು ಬೀಳಲಿಲ್ಲವಲ್ಲ, ಅದೇ ದೊಡ್ಡದು. ಕೊಹಾರು ಒಳಗೆ ನುಗ್ಗಿ ಇಬ್ಬರನ್ನೂ ಎತ್ತಿ ಎತ್ತಿ ಹಾಕಿದಳು. ನನ್ನ ಕೈ ಇಂಚರಾಳ ಕೈಯಲ್ಲಿತ್ತು. ಯಾವಾಗ ಹಿಡಿದೆವೋ, ಯಾರು ಮೊದಲು ಹಿಡಿದದ್ದೋ ಗೊತ್ತಿಲ್ಲ.

ಸೋತರು. ಕೊನೆಗೆ ರಿಂಕೊಳ ಬೆನ್ನೇ ನೆಲಕ್ಕೆ ತಾಕಿತು. ಕೊಹಾರು ಕುಂಟುತ್ತಾ ಹೋಗಿ ಆ ಹುಡುಗಿಯನ್ನು ಎಬ್ಬಿಸಿ, ತಲೆಯನ್ನು ಭುಜಕ್ಕೆ ಆನಿಸಿಕೊಂಡು ಹೊರಗೆ ಕರೆದುಕೊಂಡು ಹೋದಳು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂತ ನಮ್ಮ ಕಡೆ ಆಡಿಕೊಳ್ಳುತ್ತಾರಲ್ಲ, ಇವರಿಗೆ ಮೀಸೆಯೂ ಇಲ್ಲ, ನಾಚಿಕೆಯೂ ಇಲ್ಲ. ಸೋತೆವೆಂದು ಮುಖ ಮುಚ್ಚಿಕೊಳ್ಳದೆ ಹೋದರು.

ಆಟ ಮುಗಿದ ಮೇಲೆ ಕೊಹಾರುವಿನ ಜೊತೆ ಫೋಟೋ. ಅವಳು ನನ್ನ ಕೈ ಕುಲುಕಿದಳು. ಥೇಟ್ ಅಪ್ಪನ ಅಂಗೈ, ಒರಟು.

ಮಾರ್ಕಮ್ ರೋಡಿನಲ್ಲಿ ವಾಪಸು ಬರುವಾಗ ಅರ್ಧ ಗಂಟೆ ಇಬ್ಬರೇ ಇದ್ದೆವು. ಕೇಳಬಹುದಿತ್ತು. 'ಜೂನ್ ಮೂವತ್ತಕ್ಕೆ ಏನು ಹೇಳ್ತೀಯ?' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. "ಹಸಿವಾ?" ಎಂದು ಕೇಳಿದೆ. "ಇಲ್ಲ," ಅಂದಳು. ಕಿಟಕಿಯ ಹೊರಗೆ ನೋಡುತ್ತಾ ಕೂತಳು.

ಜೂನ್ 15, ಭಾನುವಾರ

ಬೆಳಿಗ್ಗೆ ಮೈಸೂರಿಗೆ ಫೋನು ಮಾಡಿದೆ, ಅಲ್ಲಿ ಸಂಜೆ. ಅಪ್ಪನಿಗೆ ಎಂಬತ್ತೊಂದು, ನನ್ನ ತಮ್ಮ ಫೋನನ್ನು ಅವರ ಕಿವಿಗೆ ಹಿಡಿದುಕೊಟ್ಟ. ಹೆಂಗಸರು ಧೋಬಿ ಪಟ್ಟು ಹಾಕಿದ್ದನ್ನು ವರ್ಣಿಸಿದೆ. "ಭಪ್ಪರೆ!" ಅಂದರು. ಆಮೇಲೆ ಹೇಗೆ ಬಾಯಿಗೆ ಬಂತೋ, ಕೇಳಿಯೇಬಿಟ್ಟೆ.

"ಅಪ್ಪ, ನಾನು ಚಿಕ್ಕೋಳಿದ್ದಾಗ, ಒಳಗೆ ಬರ್ತೀನಿ ಅಂತ ಕೇಳಿದ್ರೆ ಬಿಡ್ತಿದ್ರಾ?"

ಅಪ್ಪ ತಮ್ಮನ ಕೈಯಿಂದ ಫೋನನ್ನು ತಾವೇ ತೆಗೆದುಕೊಂಡ ಸದ್ದು ಕೇಳಿಸಿತು.

"ಬುಡ್ತಿರ್ನಿಲ್ಲ ಕಣವ್ವ," ಅಂದರು. "ಕಾಲ ಹಂಗಿತ್ತು. ಆದ್ರೆ ನೀನು ಹಾಲು ಕೊಟ್ಟ ಮ್ಯಾಲೂ ಹೋಗ್ದೆ ನಿಂತಿರ್ತಿದ್ದಲ್ಲ, ಇವ್ಳಿಗೆ ಆಸೆ ಇದ್ದದೋ, ಸುಮ್ಕೆ ನಿಂತವ್ಳೋ ಅಂತ ನಂಗೆ ಕೊನೇಗಂಟ ಗೊತ್ತಾಗ್ನಿಲ್ಲ. ಕೇಳ್ಬುಡ್ಲಿ ಅನ್ನಿಸ್ತಿತ್ತು. ಕೇಳಿದ್ರೆ ಇಲ್ಲ ಅಂತಲೇ ಅಂತಿದ್ದೆ. ಆದ್ರೂ ಗೊತ್ತಾಯ್ತಿತ್ತಲ್ಲ."

ಆಮೇಲೆ ಮಂಡಿ ನೋವಿನ ವಿಷಯ, ಮಳೆಯ ವಿಷಯ ಮಾತಾಡಿದೆವು. ಫೋನಿಟ್ಟು ಸಿಂಕಿನ ಮುಂದೆ ನಿಂತು ಅತ್ತೆ. ನಲ್ಲಿ ತಿರುಗಿಸಿಕೊಂಡಿದ್ದೆ, ಮೇಲೆ ಅವಳಿಗೆ ಕೇಳಿಸದಿರಲೆಂದು.

ಜೂನ್ 20, ಶುಕ್ರವಾರ

ಹೇಳಿಬಿಟ್ಟೆ.

ಅವಳು ಗೆಳತಿಯರ ಜೊತೆ ಸಿಟಿಯ ಯೂನಿಯನ್ ಸ್ಟೇಷನ್ ಕಡೆ ಹೋಗಿದ್ದಳು. ಸಂಜೆ ನಮ್ಮೂರ ಸ್ಟೇಷನ್ನಿನಲ್ಲಿ ಲೋಕಲ್ ಟ್ರೇನಿನಿಂದ ಇಳಿದು ಬಂದು ಕಾರಿನಲ್ಲಿ ಕೂತಳು, ಬೆಲ್ಟು ಹಾಕಿಕೊಂಡಳು. ನಾನು ಗಾಡಿ ಶುರು ಮಾಡಲಿಲ್ಲ.

"ಇಂಚರಾ, ಹೋಗ್ಬೇಡ."

"ವಾಟ್?"

"ವ್ಯಾಂಕೂವರಿಗೆ. ಹೋಗ್ಬೇಡ. ನನಗೆ ನೀನು ಇಲ್ಲೇ ಇರ್ಬೇಕು."

ಪೀಠಿಕೆ ಇಲ್ಲ, ಏನಿಲ್ಲ. ಐದು ದಿನ ಕನ್ನಡಿ ಮುಂದೆ ನಿಂತು ಕಲಿತದ್ದೆಲ್ಲ ಮರೆತುಹೋಗಿತ್ತು. ಪಾರ್ಕಿಂಗಿನಿಂದ ಒಂದೊಂದೇ ಕಾರು ಹೊರಡುತ್ತಿತ್ತು.

"ಅಪ್ಪ ನನ್ನಿಷ್ಟ ಅಂದ್ರು," ಅಂದಳು.

"ಅದು ಅವರ ಮಾತು. ಇದು ನಂದು. ನಿನ್ನಿಷ್ಟಾನೇ, ನಾನು ಇಲ್ಲ ಅನ್ನಲ್ಲ. ಆದ್ರೆ ನನ್ನಿಷ್ಟ ಏನು ಅಂತ ನಿಂಗೆ ಗೊತ್ತಿರ್ಲಿ."

ಅವಳು ಬೆಲ್ಟು ಬಿಚ್ಚಿ ನನ್ನ ಕಡೆ ತಿರುಗಿದಳು. "ಈಗ ಹೇಳ್ತಿದೀರಾ? ಒಂದು ತಿಂಗಳಿಂದ ಐ ವಾಸ್ ವೇಯ್ಟಿಂಗ್. ಇಬ್ರೂ 'ನಿನ್ನಿಷ್ಟ, ನಿನ್ನಿಷ್ಟ.' ನೀವು ದೋಸೆ ತಿನ್ನು ಅಂದ್ರಿ! ನಾನು ಹೋದ್ರೆ ನಿಮ್ಗೆ ನಿರಾಳ ಆಗತ್ತೇನೋ ಅಂದ್ಕೊಂಡೆ."

ನಿರಾಳ! ದೇವರೇ, ಈ ಮಗು ಅದನ್ನು ಎದೆಯಲ್ಲಿಟ್ಟುಕೊಂಡು ಒಂದು ತಿಂಗಳು ನನ್ನ ಕೈಯ ಪಲ್ಯ ತಿಂದಿತಲ್ಲ. ನನಗೆ ಹಕ್ಕಿಲ್ಲ ಅಂದುಕೊಂಡಿದ್ದೆ ಎಂದು ಹೇಳಿದೆ. ಅವಳು ಅತ್ತಳು, ನಾನೂ ಅತ್ತೆ. ಪಕ್ಕದ ಕಾರಿನವನು ಎಲ್ಲ ಸರಿಯಿದೆಯಾ ಎಂದು ಕೈಸನ್ನೆಯಲ್ಲಿ ಕೇಳಿದ. ಇದೆ ಎಂದು ಹೆಬ್ಬೆರಳು ತೋರಿಸಿದೆವು, ಇಬ್ಬರೂ ಒಟ್ಟಿಗೆ.

ಉತ್ತರ ಕೊಡಲಿಲ್ಲ. ನಾನೂ ಮತ್ತೆ ಕೇಳಲಿಲ್ಲ.

ಜೂನ್ 30, ಸೋಮವಾರ

ಹೋಗುತ್ತಾಳೆ.

ರಘು ಸೇತುವೆ ಕೆಲಸ ಮುಗಿಸಿ ಬಂದಿದ್ದಾರೆ, ಅವರಿಗೆ ಹೇಳುವ ಮುಂಚೆ ಅಡುಗೆಮನೆಗೆ ಬಂದು ನನಗೆ ಹೇಳಿದಳು. "ನಂಗೆ ಅಮ್ಮನ ಜೊತೆ ಇದ್ದು ನೋಡ್ಬೇಕು. ಒಂದು ವರ್ಷ. ಅವರು ಹೆಂಗಿದಾರೆ ಅಂತ ನಂಗೆ ಗೊತ್ತೇ ಇಲ್ಲ ಅಲ್ವಾ." ಆಮೇಲೆ, "ಬಟ್ ನೀವು ಕೇಳಿದ್ರಿ. ಅದು ಗುಡ್," ಅಂದಳು.

ಗುಡ್ ಅಂತೆ. ಒಗ್ಗರಣೆ ಸೀದುಹೋಯಿತು. ಅಪ್ಪ ಇಲ್ಲ ಅಂತಲೇ ಅಂತಿದ್ದರು, ಆದರೂ ಗೊತ್ತಾಗುತ್ತಿತ್ತು. ಇವಳಿಗೂ ಈಗ ಗೊತ್ತಿದೆ. ನೋವೇನೂ ಕಡಿಮೆಯಾಗಿಲ್ಲ.

ಜುಲೈ 19, ಶನಿವಾರ

ಬೆಳಿಗ್ಗೆ ಐದೂವರೆಗೆ ಬೇಸ್‌ಮೆಂಟಿನಲ್ಲಿ ಇಬ್ಬರೂ ಕಾಫಿ ಹಿಡಿದು ಟೋಕಿಯೋದ ಕುಸ್ತಿ ನೋಡಿದೆವು. ರಿಂಕೊ ಮತ್ತೆ ಸೋತಳು. ಹಿಮ್ಮಡಿ ಹಿಡಿಯುವುದನ್ನು ಈಗ ಕಲಿತಿದ್ದಾಳೆ ಎಂದು ನಮ್ಮಿಬ್ಬರ ಅಭಿಪ್ರಾಯ.

ಆಗಸ್ಟ್ 22, ಶುಕ್ರವಾರ

ಎರಡು ಸೂಟ್‌ಕೇಸು. ಚಟ್ನಿಪುಡಿ, ಹುರಿಹಿಟ್ಟು, ಉಳಿದ ಕಿತ್ತಳೆ ಸುರುಳಿ ನಾಲ್ಕು. ಬರೆಯಲು ಮನಸ್ಸಿಲ್ಲ.

ಆಗಸ್ಟ್ 23, ಶನಿವಾರ

ಬೆಳಿಗ್ಗೆ ಏಳಕ್ಕೆ ಪಿಯರ್ಸನ್ ಏರ್‌ಪೋರ್ಟಿನಲ್ಲಿದ್ದೆವು. ಸೆಕ್ಯೂರಿಟಿಯ ಹತ್ತಿರ ಕಂಬ ನೆಟ್ಟು ಪಟ್ಟಿ ಎಳೆದಿರುತ್ತಾರಲ್ಲ, ಟಿಕೆಟ್ಟಿಲ್ಲದವರು ಅಲ್ಲಿಗೇ ನಿಲ್ಲಬೇಕು. ರಘು ಅವಳನ್ನು ತಬ್ಬಿಕೊಂಡು, "ಜಾಗ್ರತೆ ಪುಟ್ಟಾ, ಇಳಿದ ತಕ್ಷಣ ಫೋನ್ ಮಾಡು," ಅಂದರು. ನಾನು ಅವಳ ಜಾಕೆಟ್ಟಿನ ಜಿಪ್ಪು ಎಳೆದೆ, ಆಗಸ್ಟಿನಲ್ಲಿ. ಅವಳು, "ಓಕೆ. ಬೈ," ಎಂದು ಸಾಲಿನೊಳಗೆ ಹೋದಳು.

ಸಾಲು ಹಾವಿನ ಹಾಗೆ ಸುತ್ತಿ ಸುತ್ತಿ ಹೋಗುತ್ತಿತ್ತು. ಅವಳು ಒಮ್ಮೆ ಕಾಣಿಸುವುದು, ಒಮ್ಮೆ ಮರೆಯಾಗುವುದು. ಆ ಕಡೆ ಟ್ರೇ ತೆಗೆದುಕೊಳ್ಳುವ ಜಾಗಕ್ಕೆ ಇನ್ನು ನಾಲ್ಕೈದು ಜನ ಇದ್ದಾಗ ತಟ್ಟನೆ ತಿರುಗಿದಳು.

"ವಸಂತಾ ಆಂಟಿ! ಹಗ್ಗ!"

ರಘು, "ಏನಂತೆ?" ಎಂದು ಕೇಳುತ್ತಿದ್ದರು. ನನಗೆ ತಿಳಿಯಿತು. ಎಡಗೈಯಲ್ಲಿ ಆ ಪಟ್ಟಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಬಲಗೈಯನ್ನು ಆದಷ್ಟೂ ಮುಂದಕ್ಕೆ ಚಾಚಿದೆ. ಕಂಬ ವಾಲಿತು, ನಾನು ಬಿಡಲಿಲ್ಲ. ಅವಳು ಬ್ಯಾಗು ಅಲ್ಲೇ ಬಿಟ್ಟು, ಜನರ ನಡುವೆ "ಸಾರಿ, ಸಾರಿ" ಎನ್ನುತ್ತಾ, ಪಟ್ಟಿಗಳ ಕೆಳಗೆ ನುಸುಳಿಕೊಂಡು ಹಿಂದಕ್ಕೆ ಓಡಿ ಬಂದಳು. ಬಂದು ನನ್ನ ಅಂಗೈಗೆ ಫಟ್ಟೆಂದು ಹೊಡೆದಳು. ಸುತ್ತಲಿದ್ದವರು ಬೆಚ್ಚಿಬಿದ್ದರು.

"ಟ್ಯಾಗ್," ಅಂದಳು, ಏದುಸಿರು ಬಿಡುತ್ತಾ. "ಅಕ್ಟೋಬರಲ್ಲಿ, ಥ್ಯಾಂಕ್ಸ್‌ಗಿವಿಂಗ್‌ಗೆ. ಅಮ್ಮಂಗೆ ಹೇಳಿದೀನಿ, ಅವರು ಓಕೆ ಅಂದಿದಾರೆ. ನೀವು ಬರ್ಲೇಬೇಕು. ಅದು ರೂಲು."

ಅಷ್ಟು ಹೇಳಿ ಓಡಿದಳು. ಸಾಲಿನಲ್ಲಿದ್ದ ಒಬ್ಬ ಸರ್ದಾರ್ಜಿ ಅವಳ ಬ್ಯಾಗು ಕಾಯುತ್ತಾ ನಿಂತಿದ್ದರು.

ದಾರಿಯುದ್ದಕ್ಕೂ ರಘು, "ಏನದು, ಏನು ರೂಲು?" ಎಂದು ಕೇಳುತ್ತಲೇ ಇದ್ದರು. "ಕುಸ್ತಿದು," ಅಂದೆ. ಮನೆ ಬರುವವರೆಗೂ ಅಂಗೈ ಚುರುಗುಟ್ಟುತ್ತಿತ್ತು. ಅವಳ ರೂಮಿನ ಬಾಗಿಲು ತೆರೆದೇ ಇತ್ತು. ಮುಚ್ಚಲು ಹೋಗಿ ಹಾಗೇ ಬಿಟ್ಟು ಬಂದೆ.

ಆಮೇಲೆ ಅಪ್ಪನಿಗೆ ಫೋನು ಮಾಡಿದೆ. ಅಕ್ಟೋಬರಿನಲ್ಲಿ ನಾನು ಇಲ್ಲಿ ಮನೆಯಲ್ಲಿರುವುದಿಲ್ಲ, ವ್ಯಾಂಕೂವರಿಗೆ ಹೋಗುತ್ತಿದ್ದೇನೆ ಎಂದೆ. ಅಲ್ಲಿ ಯಾರಿದ್ದಾರವ್ವ ಎಂದು ಕೇಳಿದರು. ಮಗಳು ಕರೆದಿದ್ದಾಳೆ ಎಂದೆ.